ಬಲಗಡೆಯ ತಟ್ಟೆ

ನಾನು ಏನು ಕೆಲಸ ಮಾಡುತ್ತಿದ್ದೆ ಎಂದು ನೆಂಟರು ಯಾರಾದರೂ ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ನನ್ನ ಅಣ್ಣ ಉತ್ತರ ಕೊಟ್ಟುಬಿಡುತ್ತಾನೆ. "ರೇಷ್ಮೆ ಗೂಡಲ್ಲಿ ಸ್ಪಂಜು ಮಾಡ್ತಿದ್ಲು ಕಣಪ್ಪ. ಪಾತ್ರೆ ಉಜ್ಜೋ ಸ್ಪಂಜಲ್ಲ, ಮೂಳೆ ಬೆಳ್ಸೋ ಸ್ಪಂಜು." ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಅಣ್ಣ ಗುಡೇಮಾರನಹಳ್ಳಿಯಲ್ಲಿ ರಾಗಿ ಬೆಳೆಯುವವನು. ನನ್ನ ಪಿಎಚ್.ಡಿ. ಪ್ರಬಂಧದ ತಲೆಬರಹವನ್ನು ಒಂದೇ ಉಸಿರಿನಲ್ಲಿ ಓದಲು ಇವತ್ತಿಗೂ ಅವನಿಂದ ಆಗಿಲ್ಲ. ಆದರೆ ಅವನು ಹೇಳುವುದರಲ್ಲಿ ತಪ್ಪೇನೂ ಇಲ್ಲ.

ರೇಷ್ಮೆ ಹುಳ ಬಿಡುವ ಎಳೆಯಲ್ಲಿ ಒಳಗೆ ರೇಷ್ಮೆ, ಅದರ ಮೇಲೆ ಅಂಟು. ಗೂಡನ್ನು ಕತ್ತರಿಸಿ, ಒಳಗಿನ ಹುಳ ತೆಗೆದು, ಸೋಡಾ ನೀರಿನಲ್ಲಿ ಕುದಿಸಿದರೆ ಅಂಟು ಬಿಡುತ್ತದೆ. ಉಳಿದ ರೇಷ್ಮೆಯನ್ನು ಒಣಗಿಸಿ, ಒಂದು ಗಾಢವಾದ ಲವಣದ ದ್ರಾವಣದಲ್ಲಿ ಕರಗಿಸಿ, ತೆಳುವಾದ ಪೊರೆಯ ಚೀಲದಲ್ಲಿ ತುಂಬಿ ಎರಡು ದಿನ ನೀರಿನಲ್ಲಿ ಬಿಡುತ್ತಿದ್ದೆವು. ಲವಣವೆಲ್ಲ ಪೊರೆಯ ಮೂಲಕ ಹೊರಗೆ ಹೋಗಿ ಚೀಲದಲ್ಲಿ ರೇಷ್ಮೆಯ ನೀರು ಉಳಿಯುತ್ತದೆ. ತೆಳು ಹಳದಿ ಬಣ್ಣ, ಗಂಜಿಗಿಂತ ಸ್ವಲ್ಪ ತೆಳುವು. ಅದನ್ನು ಸಣ್ಣ ಬಟ್ಟಲಿನಂಥ ಅಚ್ಚುಗಳಿಗೆ ಸುರಿದು ಮೇಲಿನಿಂದ ಉಪ್ಪು ಉದುರಿಸಬೇಕು. ಹೌದು, ಉಪ್ಪೇ. ಒಂದೇ ಗಾತ್ರಕ್ಕೆ ಜರಡಿ ಹಿಡಿದ ಶುದ್ಧ ಉಪ್ಪು. ಒಂದೆರಡು ದಿನಕ್ಕೆ ರೇಷ್ಮೆ ಗಟ್ಟಿಯಾಗುತ್ತದೆ. ಆಮೇಲೆ ಅಚ್ಚನ್ನು ನೀರಿಗೆ ಹಾಕಿ ನೀರು ಬದಲಾಯಿಸುತ್ತಾ ಹೋದರೆ ಉಪ್ಪು ಕರಗಿ ಹೊರಟುಹೋಗಿ, ಉಪ್ಪಿನ ಹರಳಿದ್ದ ಕಡೆಯಲ್ಲೆಲ್ಲ ತೂತು ಉಳಿಯುತ್ತದೆ. ಆ ತೂತುಗಳಲ್ಲಿ ಜೀವಕೋಶಗಳನ್ನು ಬಿತ್ತುತ್ತಾರೆ. ಕೋಶಗಳು ಅಲ್ಲಿ ನೆಲೆಯೂರಿ ತಮ್ಮದೇ ಮೂಳೆಯನ್ನೋ ಚರ್ಮವನ್ನೋ ಕಟ್ಟಿಕೊಳ್ಳುವಷ್ಟರಲ್ಲಿ ರೇಷ್ಮೆ ನಿಧಾನವಾಗಿ ಕರಗಿ ದೇಹದಲ್ಲಿ ಸೇರಿಹೋಗಬೇಕು. ಇಷ್ಟೇ ಕೆಲಸ. ಬರೆಯುವುದಕ್ಕೆ ಸುಲಭ.

ತೂತು ಎಷ್ಟು ದೊಡ್ಡದಿರಬೇಕು ಎಂಬುದು ಉಪ್ಪಿನ ಮೇಲೆ ನಿಂತಿದೆ. ಮೂಳೆಗೆ ದೊಡ್ಡ ತೂತು ಬೇಕು, ಅದಕ್ಕೆ ಸಕ್ಕರೆ ಹರಳಿನಷ್ಟು ದಪ್ಪದ ಉಪ್ಪು. ಚರ್ಮಕ್ಕೆ ಸಣ್ಣದು ಸಾಕು, ಅದಕ್ಕೆ ಚಿರೋಟಿ ರವೆಯಂಥ ಉಪ್ಪು. ನಮ್ಮಲ್ಲಿ ಎರಡೂ ಕೆಲಸ ನಡೆಯುತ್ತಿತ್ತು. ಈ ಮಾತನ್ನು ಓದುವವರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಾನು ಮಾಡಿದ ಅನ್ಯಾಯವೆಲ್ಲ ಈ ಎರಡು ಉಪ್ಪುಗಳ ನಡುವೆಯೇ ನಡೆದದ್ದು.

ನಮ್ಮ ಪ್ರಯೋಗಾಲಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ, ಒಂದು ಪೆಟ್ಟಿಗೆ ಕಾರ್ಖಾನೆಯ ಹಿಂದೆ ಇತ್ತು. ನಾಲ್ಕು ಕೋಣೆ, ಆರು ಜನ. ನಮ್ಮ ಮುಖ್ಯಸ್ಥರು ಮೈಸೂರಿನ ಕಡೆಯವರು, ಮಾತು ಮೃದು, ಕೋಪ ಬಂದರೆ ಕನ್ನಡಕ ಒರೆಸುತ್ತಿದ್ದರು. ನಾನು ಕನಕಪುರದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮುಖ್ಯಸ್ಥರ ನಂತರ ಪ್ರಯೋಗಾಲಯದ ಹೊಣೆ ನನಗೇ ಬರುತ್ತದೆ ಎಂಬ ಮಾತಿತ್ತು. ಅದು ಬರುವ ಮೊದಲೇ ನಾನು ಅದನ್ನು ಮೈಮೇಲೆ ಹೊದ್ದುಕೊಂಡಿದ್ದೆ. ಚೀಟಿ ಅಂಟಿಸಿದ್ದೀರಾ, ತಾರೀಖು ಬರೆದಿದ್ದೀರಾ ಎಂದು ಎಲ್ಲರ ಪ್ರಾಣ ತಿನ್ನುತ್ತಿದ್ದೆ. ಸಿಡುಕು ನನಗೆ ಹುಟ್ಟಿನಿಂದ ಬಂದದ್ದು. ಓದು ಅದಕ್ಕೊಂದು ಗೌರವ ತಂದುಕೊಟ್ಟಿತು, ಅಷ್ಟೇ.

ಮೊದಲ ವರ್ಷವೆಲ್ಲ ನಮ್ಮ ರೇಷ್ಮೆ ಹದಕ್ಕೆ ಬರಲೇ ಇಲ್ಲ. ಒಂದು ಸಲ ಅಂಟು ಉಳಿದುಬಿಡುತ್ತಿತ್ತು. ಇನ್ನೊಂದು ಸಲ ಹೆಚ್ಚು ಕುದ್ದು ಎಳೆ ಸತ್ತುಹೋಗಿ, ಮಾಡಿದ ಸ್ಪಂಜು ಮುಟ್ಟಿದರೆ ಮುದುಡುತ್ತಿತ್ತು. ಪುಸ್ತಕದಲ್ಲಿ ಹೇಳಿದ ನಿಮಿಷಗಳನ್ನು ಗಡಿಯಾರ ನೋಡಿಯೇ ಎಣಿಸುತ್ತಿದ್ದೆವು. ಆದರೆ ಪುಸ್ತಕ ಬರೆದವರ ಗೂಡು ಬೇರೆ, ರಾಮನಗರದ ಮಾರುಕಟ್ಟೆಯ ಗೂಡು ಬೇರೆ. ಮಳೆಗಾಲದ ಗೂಡೇ ಬೇರೆ, ಬೇಸಿಗೆಯದೇ ಬೇರೆ. ಕೊನೆಗೆ ಮುಖ್ಯಸ್ಥರು, "ಗೂಡು ಬೇಯಿಸುವುದನ್ನು ಗೊತ್ತಿರುವವರಿಂದ ಕಲಿಯೋಣ" ಎಂದು ನನ್ನನ್ನು ರಾಮನಗರಕ್ಕೆ ಕಳುಹಿಸಿದರು. ಗೂಡಿನ ಮಾರುಕಟ್ಟೆಯ ಹತ್ತಿರದ ನೂಲು ಬಿಚ್ಚುವ ಶೆಡ್ಡುಗಳಲ್ಲಿ ವಿಚಾರಿಸಿದಾಗ ಮೂರು ಜನ ಒಬ್ಬರದೇ ಗುರುತು ಹೇಳಿದರು: ಇಪ್ಪತ್ತು ವರ್ಷ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ನೂಲು ಬಿಚ್ಚಿದ ಹೆಂಗಸು, ಈಗ ಉಬ್ಬಸ ಜಾಸ್ತಿಯಾಗಿ ಕೆಲಸ ಬಿಟ್ಟು ಹಾರೋಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು. ನಮ್ಮ ಪ್ರಯೋಗಾಲಯದಿಂದ ನಡೆದುಹೋಗುವಷ್ಟು ದೂರ. ನಾನು ರಾಮನಗರ ಸುತ್ತಿ ಬಂದದ್ದು ದಂಡವಾಯಿತು ಎಂದು ಅವತ್ತೂ ಸಿಡುಕಿಕೊಂಡೆ.

ಆಕೆಗೆ ಐವತ್ತರ ಆಸುಪಾಸು. ಬೆರಳ ತುದಿಗಳು ಬಿಸಿನೀರಿನಲ್ಲಿ ಬೆಂದು ಬೆಂದು ನಯವಾಗಿ ಹೊಳೆಯುತ್ತಿದ್ದವು. ಬಂದ ದಿನ ನಮ್ಮ ಕೋಣೆಗಳನ್ನೆಲ್ಲ ನೋಡಿ, ಒಲೆಯ ಮೇಲಿನ ಹಬೆ ಎಳೆಯುವ ದೊಡ್ಡ ಫ್ಯಾನಿನ ಕೆಳಗೆ ನಿಂತು, ಮುಖವನ್ನು ಮೇಲೆತ್ತಿ ಒಂದೆರಡು ಸಲ ಉಸಿರು ಎಳೆದುಕೊಂಡರು.

"ಇಲ್ಲಿ ವಾಸ್ನೆ ನಿಲ್ಲಲ್ಲ ಅಲ್ವಾ ಮೇಡಂ?"

"ಇಲ್ಲ. ಎಲ್ಲ ಹೊರಗೆ ಹೋಗುತ್ತೆ."

"ಹಂಗಾದ್ರೆ ಮಾಡ್ತೀನಿ ಬುಡಿ."

ಶೆಡ್ಡಿನಲ್ಲಿ ಬೆಂದ ಹುಳದ ವಾಸನೆಯೂ ಹಬೆಯೂ ಆಕೆಯ ಎದೆ ಹಿಡಿಯುತ್ತಿದ್ದವು. ವೈದ್ಯರು ತೊಟ್ಟಿಯ ಹತ್ತಿರ ಇನ್ನು ಕೂರಲೇಬೇಡಿ ಎಂದಿದ್ದರಂತೆ. ಆಕೆಗೆ ಬರುತ್ತಿದ್ದುದು ಈ ಒಂದೇ ಕೆಲಸ. ಅದನ್ನು ಹಬೆಯಿಲ್ಲದೆ ಮಾಡುವ ಜಾಗ ಈ ಸುತ್ತಿನಲ್ಲಿ ನಮ್ಮದೊಂದೇ. ಇದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಆಕೆ ಗಡಿಯಾರ ನೋಡಲಿಲ್ಲ. ಕುದಿಯುವ ಪಾತ್ರೆಯಿಂದ ಒಂದು ಎಳೆ ತೆಗೆದು ತಣ್ಣೀರಿಗೆ ಅದ್ದಿ, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಿದ್ದರು. ಜಾರಿದರೆ ಅಂಟು ಇನ್ನೂ ಇದೆ. ಬೆರಳಿಗೆ ಕಚ್ಚಿಕೊಂಡು ಕಿರ್ ಅಂದರೆ ಇಳಿಸಬೇಕು, ಒಂದು ನಿಮಿಷ ಕಾದರೂ ಕೆಟ್ಟಿತು. ನಾನು ಕೈಗವಸು ಹಾಕಿಕೊಂಡು ಉಜ್ಜಿದೆ, ಏನೂ ತಿಳಿಯಲಿಲ್ಲ. ಬಿಚ್ಚಿ ಉಜ್ಜಿದೆ, ಆಗಲೂ ತಿಳಿಯಲಿಲ್ಲ. ಆಕೆ ನಕ್ಕರು. ಎರಡು ತಿಂಗಳಲ್ಲಿ ನಮ್ಮ ರೇಷ್ಮೆಯ ನೀರು ಬೆಳಕಿಗೆ ಹಿಡಿದರೆ ಒಂದು ಕಸವೂ ಕಾಣದಷ್ಟು ತಿಳಿಯಾಯಿತು. ಮುಖ್ಯಸ್ಥರು ಶೀಶೆಯನ್ನು ಕಿಟಕಿಯ ಹತ್ತಿರ ಹಿಡಿದು ಎಲ್ಲರನ್ನೂ ಕರೆದು ತೋರಿಸಿದರು.

ನಾನು ಪ್ರಯೋಗಾಲಯದಲ್ಲಿ ಪುಸ್ತಕದ ಕನ್ನಡ ಮಾತಾಡುತ್ತಿದ್ದೆ, ಅರ್ಧ ಇಂಗ್ಲಿಷು. ಊರಿನ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳುತ್ತಿದ್ದೆ. ಒಂದು ದಿನ ಗಡಿಬಿಡಿಯಲ್ಲಿ "ಒಸಿ ತಡೀರಿ" ಅಂದುಬಿಟ್ಟೆ. ಆಕೆ ಥಟ್ಟನೆ ತಿರುಗಿದರು.

"ನೀವು ನಮ್ ಕಡೆಯೋರು. ಯಾವೂರವ್ವ?"

"ಮಾಗಡಿ ಹತ್ತಿರ."

"ಹಂಗನ್ನಿ ಮತ್ತೆ. ನಾನು ಎಲ್ಲೋ ಬೆಂಗ್ಳೂರೋರು ಅನ್ಕಂಡು ಎಷ್ಟು ಎದರ್ಕತಿದ್ದೆ."

ಅವತ್ತಿನಿಂದ ಜನರ ಮುಂದೆ ಮೇಡಂ, ನಾವಿಬ್ಬರೇ ಇದ್ದಾಗ ಕಣವ್ವ. ನನಗದು ಇಷ್ಟವಾಗುತ್ತಿತ್ತು. ಇಷ್ಟವಾಗುತ್ತದೆ ಎಂದು ತೋರಿಸಿಕೊಳ್ಳುವುದು ಮಾತ್ರ ಇಷ್ಟವಿರಲಿಲ್ಲ. ಸ್ಪಂಜು ಏಕೆ ಎಂದು ಒಮ್ಮೆ ಆಕೆ ಕೇಳಿದಾಗ ಕೋಶ, ತೂತು, ಕರಗುವುದು ಎಲ್ಲವನ್ನೂ ಹೇಳಿದೆ. "ಹಣ್ಣಾದ ಹುಳಾನ ಬಿದ್ರು ಚಂದ್ರಿಕೆ ಮ್ಯಾಲೆ ಬುಡ್ತೀವಲ್ಲ, ಹಂಗೆ. ಗೂಡು ಕಟ್ಕಳಾಕೆ ಒಂದು ಆಸ್ರೆ" ಅಂದರು. ಇಷ್ಟು ಚೆನ್ನಾಗಿ ನಾನು ಯಾವ ಸಭೆಯಲ್ಲೂ ವಿವರಿಸಿರಲಿಲ್ಲ. ಆಮೇಲೆ ಒಂದು ಸಭೆಯಲ್ಲಿ ಆ ಮಾತನ್ನು ನನ್ನದೇ ಎಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡೆ.

ಉಪ್ಪು ಅರೆದು ಜರಡಿ ಹಿಡಿಯುವ ಕೆಲಸವೂ ಆಕೆಯದೇ ಆಯಿತು. ರಾಗಿ ಹಿಟ್ಟು ಜರಡಿ ಹಿಡಿದ ಕೈ, ಅದಕ್ಕೇನು ಹೇಳಿಕೊಡಬೇಕು. ಎರಡು ಸ್ಟೀಲು ತಟ್ಟೆ: ಬಲಗಡೆ ದಪ್ಪ ಉಪ್ಪು, ಎಡಗಡೆ ಸಣ್ಣದು. ಆಕೆಗೆ ಇಂಗ್ಲಿಷು ಓದಲು ಬರುತ್ತಿರಲಿಲ್ಲ, ಕನ್ನಡವೂ ಅಷ್ಟಕ್ಕಷ್ಟೇ. ಹಾಗಾಗಿ ಆ ತಟ್ಟೆಗಳಿಗೆ ಚೀಟಿ ಇರಲಿಲ್ಲ. ನಾನು ಅಂಟಿಸಬೇಕಿತ್ತು. ಆಕೆಯ ಎಡ ಬಲ ಎಂದೂ ತಪ್ಪಿರಲಿಲ್ಲವಾದ್ದರಿಂದ ನಾನು ಅದರ ಗೋಜಿಗೆ ಹೋಗಲಿಲ್ಲ.

ಇನ್ನೊಂದು ವಿಷಯ. ಆಕೆ ಉಪ್ಪನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳವಾಗುತ್ತದೆ ಎಂದು ನಮ್ಮ ಕಡೆ ಮನೆಮನೆಯಲ್ಲೂ ಹೇಳುತ್ತಾರೆ. ನಮ್ಮವ್ವ ಊಟಕ್ಕೆ ಕೂತವರಿಗೂ ಉಪ್ಪನ್ನು ಎಲೆಯ ಮೇಲೆ ಬಡಿಸುತ್ತಿದ್ದಳೇ ಹೊರತು ಯಾರ ಅಂಗೈಗೂ ಹಾಕಿದವಳಲ್ಲ. ನಾನೂ ನನ್ನ ಅಡುಗೆಮನೆಯಲ್ಲಿ ಪಕ್ಕದ ಮನೆಯವರಿಗೆ ಉಪ್ಪಿನ ಡಬ್ಬಿ ಕೊಡುವಾಗ ಕಟ್ಟೆಯ ಮೇಲಿಟ್ಟು, ತಗೊಳ್ಳಿ ಅನ್ನುತ್ತೇನೆ. ಪ್ರಯೋಗಾಲಯದಲ್ಲೂ ಆಕೆ ತಟ್ಟೆಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಾನು ತೆಗೆದುಕೊಳ್ಳುತ್ತಿದ್ದೆ. ಅದರಿಂದ ಯಾರಿಗೂ ಏನೂ ತೊಂದರೆ ಆಗಿರಲಿಲ್ಲ.

ಆ ದಿನ ಬೆಂಗಳೂರಿನ ಇನ್ನೊಂದು ಪ್ರಯೋಗಾಲಯಕ್ಕೆ ಕಳುಹಿಸಬೇಕಾದ ಮೂಳೆಯ ಸ್ಪಂಜುಗಳನ್ನು ಮಾಡುತ್ತಿದ್ದೆವು. ಅವರು ಕೋಶಗಳನ್ನು ಬೆಳೆಸಿ ಸಿದ್ಧವಾಗಿ ಕಾಯುತ್ತಿದ್ದರು. ಅಚ್ಚುಗಳನ್ನು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಒಬ್ಬರು ನಮಗಾಗಿ ಹೊಸದಾಗಿ ಕಡೆದುಕೊಟ್ಟಿದ್ದರು, ಒಂದೊಂದೂ ಅಷ್ಟು ನುಣುಪು. ರೇಷ್ಮೆಯ ನೀರು ಸ್ವಲ್ಪ ಹೆಚ್ಚೇ ಗಟ್ಟಿಯಾಗಿತ್ತು, ತಡ ಮಾಡಿದರೆ ಅಚ್ಚಿಗೆ ಹೋಗುವ ಮೊದಲೇ ಹೆಪ್ಪುಗಟ್ಟುವ ಭಯ. ನಾನು ಅಚ್ಚುಗಳಿಗೆ ಸುರಿಯುತ್ತಾ ತಲೆ ಎತ್ತದೆ ಕೈ ಚಾಚಿದೆ.

"ದಪ್ಪುಪ್ಪು ಕೊಡಿ."

"ಮ್ಯಾಲೆ ಮಡಗಿವ್ನಿ ಕಣವ್ವ."

"ಕೈಗೆ ಕೊಡಿ ಅಂದ್ರೆ. ಟೈಮಿಲ್ಲ."

"ಕೈಗೆ ಬ್ಯಾಡ. ಬಲಗಡೆದು ನೋಡಿ, ಅದೇಯ" ಎಂದು ಆಕೆ ಒಲೆಯ ಕಡೆ ತಿರುಗಿದರು. ಅಲ್ಲಿ ಇನ್ನೊಂದು ಪಾತ್ರೆ ಉಕ್ಕಿಬರುತ್ತಿತ್ತು.

ನನಗೆ ರೇಗಿತು. ಮೇಜನ್ನು ಸುತ್ತಿಕೊಂಡು ಬರುವ ತಾಳ್ಮೆಯಿಲ್ಲದೆ, ನಿಂತ ಕಡೆಯಿಂದಲೇ ಮೇಜಿನ ಮೇಲೆ ಬಗ್ಗಿ ನನ್ನ ಬಲಗಡೆಯ ತಟ್ಟೆಯನ್ನು ಎಳೆದುಕೊಂಡೆ. ನಾನು ಆಕೆಗೆ ಎದುರಾಗಿ ನಿಂತಿದ್ದೆ. ನನ್ನ ಬಲ ಆಕೆಯ ಎಡ. ಕಣ್ಣೆಲ್ಲ ಅಚ್ಚಿನ ಮೇಲಿತ್ತು, ಕೈಗವಸಿನ ಬೆರಳಿಗೆ ದಪ್ಪವೂ ತಿಳಿಯಲಿಲ್ಲ, ಸಣ್ಣದೂ ತಿಳಿಯಲಿಲ್ಲ. ಎಲ್ಲ ಅಚ್ಚಿಗೂ ಉದುರಿಸಿ, ಮುಚ್ಚಿ, ಚೀಟಿ ಅಂಟಿಸಿ, ತಾರೀಖು ಬರೆದೆ. ಚೀಟಿಯಲ್ಲಿ ದಪ್ಪ ಉಪ್ಪು ಎಂದೇ ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಮೂರು ವಾರದ ನಂತರ ಬೆಂಗಳೂರಿನಿಂದ ಪತ್ರ ಬಂತು. ಕೋಶಗಳು ಸ್ಪಂಜಿನ ಮೇಲ್ಮೈಯಲ್ಲಿ ಮಾತ್ರ ನಿಂತಿವೆ, ಒಳಗೆ ಒಂದೂ ಇಳಿದಿಲ್ಲ, ಅವರ ಅಷ್ಟೂ ಕೋಶಗಳು ವ್ಯರ್ಥವಾಗಿವೆ, ನಿಮ್ಮ ತೂತುಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ ಎಂದು. ಉಳಿದಿದ್ದ ಒಂದು ಸ್ಪಂಜನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಚರ್ಮದ ಸ್ಪಂಜು. ಕಣ್ಣಿಗೆ ಹೊಡೆಯುವ ಹಾಗೆ ಚರ್ಮದ ಸ್ಪಂಜು.

ನನಗೆ ಆ ಕ್ಷಣವೇ ಗೊತ್ತಾಯಿತು. ಮೇಜಿನ ಯಾವ ಕಡೆ ನಿಂತಿದ್ದೆ, ಹೇಗೆ ಬಗ್ಗಿದೆ, ಯಾವ ತಟ್ಟೆ ಎಳೆದುಕೊಂಡೆ, ಎಲ್ಲ. ಇದನ್ನು ನಾನು ಬಹಳ ವರ್ಷ ಬೇರೆ ಥರ ನೆನಪಿಟ್ಟುಕೊಳ್ಳಲು ಪ್ರಯತ್ನಪಟ್ಟೆ. ಆಗ ಸರಿಯಾಗಿ ಹೊಳೆದಿರಲಿಲ್ಲ, ಆಮೇಲೆ ನಿಧಾನವಾಗಿ ಅನುಮಾನ ಬಂತು ಎಂದೆಲ್ಲ. ಸುಳ್ಳು. ಕಣ್ಣನ್ನು ಸೂಕ್ಷ್ಮದರ್ಶಕದಿಂದ ಎತ್ತುವ ಮೊದಲೇ ಗೊತ್ತಾಗಿತ್ತು.

ಮುಖ್ಯಸ್ಥರು ಕೋಣೆಗೆ ಬಂದಾಗ ಆಗಲೇ ಕನ್ನಡಕ ಒರೆಸುತ್ತಿದ್ದರು. "ಇದು ಹೇಗಾಯಿತು?" ಎಂದು ಕೇಳಿದರು.

ಒಂದು ವಾಕ್ಯ ಸಾಕಾಗಿತ್ತು. ನಾನು ತಪ್ಪು ತಟ್ಟೆ ತಗೊಂಡೆ ಸರ್. ಅದರ ಬದಲು ನಾನು ಹೇಳಿದ್ದು ಇದು: "ಆಕೆ ಉಪ್ಪನ್ನು ಕೈಗೆ ಕೊಡುವುದಿಲ್ಲ ಸರ್, ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಏನೋ ಮೂಢನಂಬಿಕೆ. ತಟ್ಟೆಗೆ ಚೀಟಿಯೂ ಇರುವುದಿಲ್ಲ. ಅದಲುಬದಲಾಗಿರಬೇಕು."

ಒಂದೊಂದು ಮಾತೂ ನಿಜ. ಕೈಗೆ ಕೊಡುವುದಿಲ್ಲ, ನಿಜ. ಚೀಟಿ ಇಲ್ಲ, ನಿಜ. ಅದಲುಬದಲಾಗಿದ್ದೂ ನಿಜವೇ. ನಿಜಗಳನ್ನೇ ಪೋಣಿಸಿ ಸುಳ್ಳು ಹೇಳುವ ವಿದ್ಯೆ ನನಗೆ ಬರುತ್ತದೆಂದು ಅವತ್ತಿನವರೆಗೆ ತಿಳಿದಿರಲಿಲ್ಲ. ಎಲ್ಲಕ್ಕಿಂತ ನನ್ನನ್ನು ಇವತ್ತಿಗೂ ಕೊರೆಯುವುದು ಆ ಮೂಢನಂಬಿಕೆ ಎಂಬ ಪದ. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ, ತುಟಿ ಸ್ವಲ್ಪ ವಕ್ರ ಮಾಡಿ, ಇವರಿಗೆಲ್ಲ ಎಷ್ಟು ಹೇಳಿದರೂ ಅಷ್ಟೇ ಎಂಬ ಧಾಟಿಯಲ್ಲಿ. ಅದೇ ಬೆಳಿಗ್ಗೆ ನನ್ನ ಮನೆಯಲ್ಲಿ ಪಕ್ಕದ ಮನೆಯವರಿಗೆ ಉಪ್ಪನ್ನು ಕಟ್ಟೆಯ ಮೇಲಿಟ್ಟು ಬಂದವಳು ನಾನು.

ಮುಖ್ಯಸ್ಥರು ಆಕೆಯನ್ನು ಕರೆಸಿದರು. ಆಕೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಹತ್ತಿರ ನಿಂತರು.

"ಆ ದಿನ ಉಪ್ಪಿನ ತಟ್ಟೆ ಇಟ್ಟಿದ್ದು ಯಾರು?"

"ನಾನೇಯ ಸಾ."

"ಕೈಗೆ ಯಾಕೆ ಕೊಡುವುದಿಲ್ಲ?"

"ಉಪ್ಪು ಕೈಗೆ ಕೊಡಾಕಿಲ್ಲ ಸಾ."

ಅಷ್ಟು ಹೇಳಿ ಆಕೆ ನನ್ನ ಕಡೆ ನೋಡಿದರು. ಹೇಳವ್ವ, ನೀನೂ ನಮ್ ಕಡೆಯೋಳೇ ಅಲ್ವಾ ಎಂಬಂತಿತ್ತು ಆ ನೋಟ. ಅಥವಾ ಆಗ ನಾನು ಹಾಗೆ ಅಂದುಕೊಂಡೆ. ನಾನು ಸೂಕ್ಷ್ಮದರ್ಶಕದೊಳಗೆ ಮತ್ತೆ ಕಣ್ಣಿಟ್ಟೆ. ಅಲ್ಲಿ ಹೊಸದೇನೂ ಇರಲಿಲ್ಲ.

ಜಗಳವಾಗಬಾರದೆಂದು ತಾನೆ ಆಕೆ ಉಪ್ಪನ್ನು ಕೈಗೆ ಕೊಡದಿದ್ದದ್ದು. ಜಗಳ ಆಗಲೇ ಇಲ್ಲ. ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆಕೆ ಒಂದು ಮಾತು ಜೋರಾಗಿ ಆಡಿದ್ದರೆ ನಾನೂ ಆಡುತ್ತಿದ್ದೆ, ಮಾತಿಗೆ ಮಾತು ಬೆಳೆದು ನಿಜ ಹೊರಗೆ ಬೀಳುತ್ತಿತ್ತು. ಆ ತಿಂಗಳ ಕೊನೆಗೆ ಆಕೆ ಬರುವುದು ಬೇಡ ಎಂದು ತೀರ್ಮಾನವಾಯಿತು. ಕೊನೆಯ ಎರಡು ದಿನ ನಾನು ಹುಷಾರಿಲ್ಲವೆಂದು ರಜೆ ಹಾಕಿದೆ. ನನಗೆ ಯಾವ ಕಾಯಿಲೆಯೂ ಇರಲಿಲ್ಲ, ಮನೆಯಲ್ಲಿ ಕೂತು ಅವರೆಕಾಯಿ ಸುಲಿದೆ.

ಅದೇ ವರ್ಷ ನಮ್ಮಲ್ಲಿನ ಇನ್ನೊಬ್ಬ ಸಂಶೋಧಕ ಒಂದಿಡೀ ಶೀಶೆ ರೇಷ್ಮೆಯ ನೀರನ್ನು ಕಪಾಟಿನಲ್ಲಿ ಮರೆತು ಹೆಪ್ಪುಗಟ್ಟಿಸಿದ. ಪ್ರಯೋಗ ಅಂದಮೇಲೆ ಆಗುತ್ತದೆ ಎಂದು ಮುಖ್ಯಸ್ಥರು ಬೆನ್ನು ತಟ್ಟಿದರು. ಓದಿದವರ ಕೈಯಲ್ಲಿ ಕೆಟ್ಟರೆ ಪ್ರಯೋಗ, ಓದದವರ ಕೈಯಲ್ಲಿ ಕೆಟ್ಟರೆ ಅಜಾಗರೂಕತೆ. ಇದನ್ನು ನಾನು ಆಗಲೇ ಗಮನಿಸಿದ್ದೆ. ಗಮನಿಸಿ ಸುಮ್ಮನಿದ್ದೆ. ಆಕೆ ಹೋದ ಮೇಲೆ ರೇಷ್ಮೆ ಮತ್ತೆ ಮೊದಲಿನ ಹಾಗೆ ಏರುಪೇರಾಯಿತು. ಅದನ್ನು ಸರಿಮಾಡುವುದರಲ್ಲೇ ಎರಡು ವರ್ಷ ಕಳೆದು, ಪ್ರಯೋಗಾಲಯ ಮುಚ್ಚಿತು. ಮುಖ್ಯಸ್ಥರು ನಿವೃತ್ತರಾಗಿ ಊರಿಗೆ ಹೋದರು. ನಾನು ಕನಕಪುರದಲ್ಲೇ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡಲು ಸೇರಿದೆ.

ಹೋದ ವರ್ಷ ಕನಕಪುರದ ಬಸ್ ನಿಲ್ದಾಣದಲ್ಲಿ ಆಕೆಯ ಮಗಳು ಸಿಕ್ಕಿದಳು. ಅಮ್ಮನಿಗೆ ಊಟ ಕೊಡಲು ಬರುತ್ತಿದ್ದಾಗ ನನ್ನನ್ನು ನೋಡಿದ್ದವಳು, ಅವಳೇ ಗುರುತು ಹಿಡಿದು ಮಾತಾಡಿಸಿದಳು. ಅಮ್ಮ ಹೇಗಿದ್ದಾರೆ ಎಂದು ಕೇಳಿದೆ. ಅಮ್ಮ ನಮ್ಮ ಮನೆಯಲ್ಲಿ ಎಷ್ಟು ದಿನ ಸುಮ್ನೆ ಕೂರುತ್ತೆ ಮೇಡಂ, ಆಗಲೇ ರಾಮನಗರಕ್ಕೆ ಹೋಗಿ ಅದೇ ಶೆಡ್ಡಿಗೆ ಸೇರಿಕೊಳ್ತು, ಐದು ವರ್ಷ ತೊಟ್ಟಿ ಮುಂದೆ ಕೂತು ಈಗ ಏಳೋಕೂ ಆಗಲ್ಲ, ಮಾತಾಡಿದರೆ ದಮ್ಮು ಬರುತ್ತೆ ಎಂದಳು. ದೂರು ಹೇಳುವ ಧ್ವನಿಯಲ್ಲಿ ಹೇಳಲಿಲ್ಲ. ನಿಮ್ಮ ಲ್ಯಾಬಿನ ಮಾತು ಬಂದರೆ ಅಮ್ಮನಿಗೆ ಇವತ್ತಿಗೂ ಇಷ್ಟ ಎಂದು ವಿಳಾಸವನ್ನೂ ಕೊಟ್ಟಳು.

ಮುಂದಿನ ಭಾನುವಾರ ಹೋದೆ. ರಾಮನಗರದಲ್ಲಿ ಶೆಡ್ಡುಗಳ ಸಾಲಿನ ಹಿಂದೆ ಒಂದು ಕೋಣೆಯ ಮನೆ. ಆಕೆ ಗೋಡೆಗೆ ಎರಡು ದಿಂಬು ಒರಗಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಬಾಯಿಗೆ ಒತ್ತಿಕೊಳ್ಳುವ ಔಷಧಿಯ ಪಂಪು. ಒಂದೊಂದು ಮಾತಿಗೂ ನಿಂತು ಉಸಿರು ತಂದುಕೊಳ್ಳಬೇಕಾಗಿತ್ತು. ಮೊದಲಿನ ಮೈಯಲ್ಲಿ ಅರ್ಧ ಉಳಿದಿದ್ದರು.

"ಕುಂತ್ಕಳವ್ವ. ದಪ್ಪ ಆಗಿದ್ದೀರಿ."

ಕೂತೆ. ಮಗಳ ವಿಷಯ, ಮೊಮ್ಮಕ್ಕಳ ವಿಷಯ ಆಯಿತು. ಸ್ಪಂಜಲ್ಲಿ ಮೂಳೆ ಬೆಳೆಯಿತಾ ಎಂದು ಕೇಳಿದರು. ಇಲ್ಲ, ಅಷ್ಟರಲ್ಲಿ ಮುಚ್ಚಿತು ಎಂದೆ. ಆಮೇಲೆ ಇನ್ನು ತಡೆಯಲಾರದೆ, ನೆಲ ನೋಡಿಕೊಂಡು, ಮನಸ್ಸಿನಲ್ಲಿ ಎಷ್ಟೋ ಸಲ ಕಟ್ಟಿಟ್ಟುಕೊಂಡಿದ್ದ ಮಾತನ್ನು ಹೇಳಿದೆ. ಆ ದಿನ ತಪ್ಪು ಮಾಡಿದ್ದು ನಾನು, ತಟ್ಟೆ ಸರಿಯಾಗಿಯೇ ಇತ್ತು, ನಾನು ಎದುರುಗಡೆಯಿಂದ ತಗೊಂಡೆ, ಗೊತ್ತಿದ್ದೂ ಹೇಳಲಿಲ್ಲ ಎಂದು. ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಆಕೆಗೆ ಬರಲಿಲ್ಲ.

"ಗೊತ್ತಿತ್ತು ಕಣವ್ವ" ಅಂದರು. ಸ್ವಲ್ಪ ಉಸಿರು ತಂದುಕೊಂಡು, "ತಟ್ಟೆ ತೊಳ್ಯಾಕೆ ಬಂದಾಗ ದಪ್ಪುಪ್ಪು ಹಂಗೇ ಇತ್ತು. ದಪ್ಪುಪ್ಪು ಕೇಳಿದ್ರೂ ಆಮ್ಯಾಲೆ ಚರ್ಮದ್ದು ಮಾಡ್ಕಂಡ್ರೇನೋ ಅಂತ ಸುಮ್ನಾದೆ. ಸಾಹೇಬ್ರು ಕರ್ದಾಗ ಗೊತ್ತಾಯ್ತು, ಇಂಗಿಂಗೆ ಅಂತ."

"ಮತ್ತೆ ನೀವು ಯಾಕೆ ಹೇಳಲಿಲ್ಲ?"

"ನೀವು ಯೋಳ್ತೀರಿ ಅಂತ ನೋಡ್ದೆ. ನಾಳೆ ಯೋಳ್ತಾರೆ, ನಾಡಿದ್ದು ಯೋಳ್ತಾರೆ ಅಂತ. ಕೆಲ್ಸ ಬುಟ್ಟ ಮ್ಯಾಲೂ ನಾಕು ದಿನ ಹಾರೋಹಳ್ಳಿ ಸ್ಟ್ಯಾಂಡಲ್ಲಿ ನಿಂತ್ಕಂಡಿದ್ದೆ, ನೀವು ಬಸ್ಸಿಳ್ಯೋ ಹೊತ್ಗೆ. ನೀವು ಆ ಕಡೆ ಬಾಗ್ಲಲ್ಲಿ ಇಳ್ದು ಹೋಯ್ತಿದ್ರಿ."

ನಾನು ಆಕೆಯನ್ನು ಅಲ್ಲಿ ನೋಡಿದ ನೆನಪಿಲ್ಲ. ನೋಡಬಾರದೆಂದು ನಡೆಯುವವರಿಗೆ ಯಾರೂ ಕಾಣಿಸುವುದಿಲ್ಲವೇನೋ. ಕ್ಷಮಿಸಿ ಎಂದೆ. ಅದು ಪುಸ್ತಕದ ಪದ. ನಮ್ಮ ಕಡೆಯ ಮಾತಿನಲ್ಲಿ ಅದಕ್ಕೆ ಏನು ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ಆಕೆ ದಿಂಬನ್ನು ಸರಿಮಾಡಿಕೊಂಡರು. ಪಂಪನ್ನು ಬಾಯಿಗೆ ಒತ್ತಿಕೊಂಡು, ಇಳಿಸಿ, ಕೇಳಿದರು.

"ಸಾಹೇಬ್ರಿಗೆ ಯೋಳಿದ್ರಾ?"

"ಇಲ್ಲ."

"ಹಂಗಾದ್ರೆ ನಂಗ್ಯಾಕವ್ವ ಯೋಳ್ತೀರಿ. ನಂಗೆ ಗೊತ್ತಿರೋದ್ನ."

ಸಿಟ್ಟಿನಲ್ಲಿ ಅನ್ನಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದರು. ನಾನು ಬಂದದ್ದು ಆಕೆಗಾಗಿ ಅಲ್ಲ, ನನ್ನ ಹೊರೆ ಇಳಿಸಿಕೊಳ್ಳುವುದಕ್ಕೆ, ಅದನ್ನೂ ಯಾರಿಗೆ ಹೇಳಿದರೆ ನನಗೇನೂ ನಷ್ಟವಿಲ್ಲವೋ ಅವರ ಮುಂದೆ. ಕಾಫಿ ಕುಡಿದು ಹೋಗಿ ಎಂದರು. ಬೇಡ ಎಂದು ಎದ್ದೆ. ಬಾಗಿಲಿನಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗಿನಿಂದ ಆಕೆಯ ಕೆಮ್ಮು ಕೇಳುತ್ತಿತ್ತು.

ರಸ್ತೆಗೆ ಬಂದವಳೇ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಬಸ್ಸು ಹತ್ತಿದರೆ ಮತ್ತೆ ಧೈರ್ಯ ಬರುವುದಿಲ್ಲ ಎಂದು ಗೊತ್ತಿತ್ತು. ಅವರು ಖುಷಿಯಿಂದ ಮಾತಾಡಿಸಿದರು. ನಾನು ಎಲ್ಲವನ್ನೂ ಹೇಳಿದೆ: ತಟ್ಟೆ, ಎಡ ಬಲ, ನಾನು ಆಕೆಯ ಮೇಲೆ ಹಾಕಿದ್ದು. ಆಮೇಲೆ ಅವರು ಮೃದುವಾಗಿಯೇ, ಒಂದು ಬಗೆಯ ಆಶ್ಚರ್ಯದಿಂದ ಹೇಳಿದರು.

"ಅಯ್ಯೋ, ಆಗಲೇ ಹೇಳಬಹುದಿತ್ತಲ್ಲಮ್ಮ. ನಿಮ್ಮನ್ನೇನು ಮಾಡುತ್ತಿದ್ದೆ ನಾನು? ಬೆಂಗಳೂರಿನವರ ಹತ್ತಿರ ಒಂದು ಮಾತು ಕೇಳಿಕೊಂಡು, ಇನ್ನೊಂದು ಸಲ ಮಾಡಿ ಅಂತಿದ್ದೆ. ಎಷ್ಟು, ಹದಿನೈದು ದಿನದ ಕೆಲಸ."

ಹೌದು ಸರ್ ಎಂದೆ. ಅವರು ತಮ್ಮ ಕಣ್ಣಿನ ಆಪರೇಷನ್ನಿನ ವಿಷಯ ಹೇಳತೊಡಗಿದರು, ನಾನು ಹೂಂಗುಟ್ಟುತ್ತಾ ನಿಂತಿದ್ದೆ. ಶೆಡ್ಡುಗಳ ಚಿಮಣಿಯಿಂದ ಹಬೆ ಬರುತ್ತಿತ್ತು. ಹದಿನೈದು ದಿನದ ಕೆಲಸ. ಅದನ್ನು ಮತ್ತೆ ಮಾಡುವ ನಾಚಿಕೆ ತಪ್ಪಿಸಿಕೊಳ್ಳಲು ನಾನು ಆಕೆಯ ಉಸಿರನ್ನು ಕೊಟ್ಟುಬಿಟ್ಟಿದ್ದೆ.